ಬರ್ವೆ ಖಟ್ಲೆಯೂ ನಾಲ್ಕನೆಯ ಶಿವಾಜಿ ಮಹಾರಾಜರ ಅಂತ್ಯವೂ: ಒಂದು ವಿಚಾರ

ಕೊಲ್ಹಾಪುರದ ಹೆಸರು ಕೇಳಿದೊಡನೆ ನಮ್ಮ ಸೀಮೆಯ ಭಾವುಕರಿಗೆ ಮಹಾಲಕ್ಷ್ಮಿಯ ನೆನಪಾಗುತ್ತದೆ. ಇತಿಹಾಸಪ್ರಿಯರಿಗೆ ಶಿಲಾಹಾರರೂ ಅವರು ಕೆತ್ತಿಸಿದ ಕನ್ನಡ ಶಾಸನಗಳೂ ಕಣ್ಣಮುಂದೆ ನಿಲ್ಲುತ್ತವೆ. ವಿದ್ಯಾಭಿಮಾನಿಗಳು ರಾಜರ್ಷಿ ಶಾಹೂ ಮಹಾರಾಜರನ್ನು ನೆನೆಯುತ್ತಾರೆ. ಆದರೆ ಶಾಹೂ ಮಹಾರಾಜರಿಗಿಂತ ಮೊದಲು ಅದೇ ಗಾದಿಯ ಮೇಲಿದ್ದು, ಇಪ್ಪತ್ತರ ಹರೆಯದಲ್ಲಿಯೇ ಪರಸ್ಥಳದಲ್ಲಿ ಬಂದಿಯಂತೆ ಬಾಳಿ ಮಡಿದ ಒಬ್ಬ ಅರಸರಿದ್ದರೆಂಬುದನ್ನು ನೆನೆಯುವವರು ವಿರಳ. ಅವರೇ ನಾಲ್ಕನೆಯ ಶಿವಾಜಿ ಮಹಾರಾಜರು. ಅವರ ಸಲುವಾಗಿ ನಡೆದ ಖಟ್ಲೆ ಮಾತ್ರ ಪ್ರಸಿದ್ಧವಾಯಿತು, ಏಕೆಂದರೆ ಅದರಲ್ಲಿ ಆರೋಪಿಗಳಾಗಿ ನಿಂತವರು ಬಾಲ ಗಂಗಾಧರ ತಿಲಕರು ಮತ್ತು ಗೋಪಾಲ ಗಣೇಶ ಆಗರಕರರು. ಖಟ್ಲೆ ಉಳಿಯಿತು, ಯಾರಿಗಾಗಿ ಖಟ್ಲೆ ನಡೆಯಿತೋ ಅವರು ಮರೆಯಾದರು. ಇದು ಹೇಗಾಯಿತೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೧. ಸಂಸ್ಥಾನದ ಹಿನ್ನೆಲೆ

ಗಡಹಿಂಗ್ಲಜ, ರಾಯಬಾಗ ಮೊದಲಾದ ಕನ್ನಡ ಮಾತಿನ ಪ್ರದೇಶಗಳೂ ಕೊಲ್ಹಾಪುರ ಸಂಸ್ಥಾನದೊಳಗೆ ಇದ್ದುವು. ಆದ್ದರಿಂದ ಈ ಕಥೆ ನಮಗೆ ಹೊರಗಿನದಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಕಾಲದಲ್ಲಿ ಈ ಸಂಸ್ಥಾನದ ಆಡಳಿತದ ಸೂತ್ರಗಳು ಅರಸರ ಕೈಯಿಂದ ಕಂಪನಿ ಸರಕಾರದ ಕೈಗೆ ಜಾರಿದುವು. ಗಡಹಿಂಗ್ಲಜದ ಬಳಿಯ ಸಾಮಾನಗಡದಲ್ಲಿ 1844ರಲ್ಲಿ ಗಡಕರಿಗಳು ಬಂಡೆದ್ದರು. ಕೋಟೆ ಕಾಯುವ ಚಾಕರಿಗಾಗಿ ತಲೆತಲಾಂತರದಿಂದ ಉಂಡುಕೊಂಡು ಬಂದ ಭೂಮಿಗೆ ದಾಜಿ ಕೃಷ್ಣ ಪಂಡಿತರ ಹೊಸ ಕಾರಭಾರದಲ್ಲಿ ಚ್ಯುತಿ ಬಂದಿತೆಂಬುದೇ ಅವರ ಸಿಟ್ಟಿಗೆ ಮುಖ್ಯ ಕಾರಣ. ಆ ಬಂಡಾಯ ಪನ್ಹಾಳದವರೆಗೂ ಹಬ್ಬಿತು. ಅದನ್ನು ಅಡಗಿಸಿದ ಬಳಿಕ ಆಂಗ್ಲ ಅಧಿಕಾರಿಗಳ ಹಿಡಿತ ಬಿಗಿಯಾಯಿತು. 1857ರ ಜುಲೈ ಕೊನೆಗೆ ಕೊಲ್ಹಾಪುರದ ಪಲ್ಟಣಿಯಲ್ಲಿ ದಂಗೆ ಎದ್ದಿತು. ಮಹಾರಾಜರ ತಮ್ಮ ಚಿಮಾಸಾಹೇಬರ ಮೇಲೆ ಸಂಶಯ ಬಂದು ಅವರನ್ನು ಕರಾಚಿಗೆ ಕಳುಹಿಸಲಾಯಿತು. ಅವರು ಅಲ್ಲಿಯೇ 1869ರಲ್ಲಿ ತೀರಿಕೊಂಡರು. 1862ರ ಒಪ್ಪಂದದಿಂದ ಅರಸರಿಗೆ ಅಧಿಕಾರ ಮರಳಿತಾದರೂ ಪೊಲಿಟಿಕಲ್ ಏಜಂಟರ ಮಾತಿನ ಮೇಲ್ಮೆ ಉಳಿದೇ ಇತ್ತು.

ಮುಂದೆ ಗಾದಿಗೆ ಬಂದ ರಾಜಾರಾಮ ಮಹಾರಾಜರು ಯುರೋಪಿನ ಪ್ರವಾಸ ಕೈಕೊಂಡು, ಮರಳಿ ಬರುವಾಗ 1870ರ ನವೆಂಬರ 30ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ನಿಧನ ಹೊಂದಿದರು. ಆಗ ಅವರಿಗೆ ಇಪ್ಪತ್ತೇ ವರುಷ. ಅಲ್ಲಿ ಅವರ ದಹನವಾದ ಹೊಳೆಯ ದಂಡೆಯಲ್ಲಿ ಸ್ಮಾರಕವೊಂದು ಇಂದಿಗೂ ನಿಂತಿದೆ. ಅವರಿಗೆ ಸಂತಾನವಿರಲಿಲ್ಲವಾದುದರಿಂದ 1871ರಲ್ಲಿ ಭೋಸಲೆ ಮನೆತನದ ನಾರಾಯಣರಾವ ಎಂಬ ಬಾಲಕನನ್ನು ದತ್ತಕ ತೆಗೆದುಕೊಂಡು ಶಿವಾಜಿ ಎಂದು ಹೆಸರಿಟ್ಟರು. 1863ರಲ್ಲಿ ಹುಟ್ಟಿದ ಆ ಹುಡುಗನಿಗೆ ಆಗ ಎಂಟು ವರುಷ.

೨. ಅರಮನೆಯ ಸುದ್ದಿ ಪುಣೆಗೆ ಹೋದುದು

ಬಾಲರಾಜನ ಪಾಲನೆ, ಶಿಕ್ಷಣ ಎಲ್ಲವೂ ಸರಕಾರ ನೇಮಿಸಿದವರ ಕೈಯಲ್ಲಿ ನಡೆದುವು. ಹರೆಯಕ್ಕೆ ಬರುತ್ತಲೇ ಮಹಾರಾಜರ ಮನಸ್ಸು ಸ್ಥಿಮಿತದಲ್ಲಿಲ್ಲವೆಂಬ ವರದಿಗಳು ಹೊರಟವು. ಅವರ ಮೈಗಾವಲಿಗೆ ಬಿಳಿಯ ಸೋಜಿರರನ್ನು ಇರಿಸಲಾಯಿತು. ಸರಕಾರದ ದೃಷ್ಟಿಯಲ್ಲಿ ಇದು ರೋಗಿಯ ಶುಶ್ರೂಷೆ, ಪ್ರಜೆಗಳ ದೃಷ್ಟಿಯಲ್ಲಿ ಅರಸನ ಸೆರೆ. ಮಹಾರಾಜರಿಗೆ ನಿಜವಾಗಿ ಹುಚ್ಚಿಲ್ಲ, ಅವರನ್ನು ಹಿಂಸಿಸಿ ಹುಚ್ಚರನ್ನಾಗಿ ಮಾಡಲಾಗುತ್ತಿದೆ ಎಂಬ ಮಾತು ಊರಲ್ಲಿ ಹಬ್ಬಿತು. ಆ ಕಾಲದಲ್ಲಿ ಸಂಸ್ಥಾನದ ಕಾರಭಾರಿಯಾಗಿದ್ದವರು ರಾವಬಹಾದ್ದೂರ ಮಾಧವರಾವ ಬರ್ವೆಯವರು. ಸರಕಾರದ ಮೇಲಿನ ಜನರ ಅಸಮಾಧಾನವೆಲ್ಲ ಸಮೀಪದಲ್ಲಿದ್ದ ಕಾರಭಾರಿಯ ಮೇಲೆ ತಿರುಗಿತು.

ಪುಣೆಯಲ್ಲಿ ಆಗ ಹೊಸ ಗಾಳಿ ಬೀಸುತ್ತಿತ್ತು. ವಿಷ್ಣುಶಾಸ್ತ್ರಿ ಚಿಪಳೂಣಕರರು, ತಿಲಕರು ಮತ್ತು ಅವರ ಗೆಳೆಯರು 1880ರ ಜನವರಿಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದಿದ್ದರು. ಮರುವರುಷ, 1881ರ ಜನವರಿಯಲ್ಲಿ, ಮರಾಠಿಯಲ್ಲಿ ‘ಕೇಸರಿ’ಯೂ ಇಂಗ್ಲಿಷಿನಲ್ಲಿ ‘ಮರಾಠಾ’ವೂ ಹೊರಟವು. ಕೇಸರಿಯ ಹೊಣೆ ಆಗರಕರರದು, ಮರಾಠಾದ ಹೊಣೆ ತಿಲಕರದು. ಇಬ್ಬರಿಗೂ ಇಪ್ಪತ್ತೈದರ ಆಸುಪಾಸಿನ ವಯಸ್ಸು, ಇಬ್ಬರೂ ಶಿಕ್ಷಕರು. ಈ ಎರಡು ಪತ್ರಿಕೆಗಳು ಕೊಲ್ಹಾಪುರದ ಮಹಾರಾಜರ ಪಕ್ಷವನ್ನು ಹಿಡಿದು ನಿಂತವು.

ಇಲ್ಲಿಯವರೆಗೆ ಅವರ ನಡೆ ದಿಟ್ಟವೂ ಪ್ರಶಂಸನೀಯವೂ ಆದುದು. ಆದರೆ ಮುಂದೆ ಅವರ ಕೈಗೆ ಕೆಲವು ಕಾಗದಗಳು ಬಂದುವು. ಸ್ವತಃ ಬರ್ವೆಯವರೇ ಬರೆದವೆಂದು ಹೇಳಲಾದ ಆ ಪತ್ರಗಳಿಂದ, ಮಹಾರಾಜರ ವಿರುದ್ಧದ ಒಳಸಂಚಿನಲ್ಲಿ ಕಾರಭಾರಿಯ ಕೈಯಿತ್ತೆಂದು ತೋರುತ್ತಿತ್ತು. ತಮ್ಮ ಸಂಶಯಕ್ಕೆ ಪುರಾವೆ ಸಿಕ್ಕಿತೆಂದು ತರುಣ ಸಂಪಾದಕರು ನಂಬಿದರು, ನಂಬಿದುದನ್ನು ಅಚ್ಚು ಹಾಕಿದರು. ಬರ್ವೆಯವರು ಮಾನಹಾನಿಯ ಫಿರ್ಯಾದಿ ಹೂಡಿದರು.

೩. ಖಟ್ಲೆ

ಖಟ್ಲೆಯ ಸುದ್ದಿಯಿಂದ ಜನರಲ್ಲಿ ಉಂಟಾದ ಕಳವಳ ಸಾಮಾನ್ಯವಾದುದಲ್ಲ. ಖರ್ಚಿಗಾಗಿ ಹಣ ಕೂಡಿಸಿದರು. ಕೊಲ್ಹಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿಗಳು ಇದಕ್ಕಾಗಿ ನಾಟಕವಾಡಿದರೆಂದೂ, ಅಂದು ಅಲ್ಲಿ ಓದುತ್ತಿದ್ದ ಗೋಪಾಲ ಕೃಷ್ಣ ಗೋಖಲೆಯವರು ಅದರಲ್ಲಿ ಸ್ತ್ರೀಪಾತ್ರ ವಹಿಸಿದರೆಂದೂ ಚರಿತ್ರಕಾರರು ಬರೆದಿದ್ದಾರೆ. ಸಂಪಾದಕರ ಜಾಮೀನಿಗೆ ಜನ ದೊರಕಿಸಲು ಮಹಾತ್ಮಾ ಜೋತಿರಾವ ಫುಲೆಯವರು ನೆರವಾದರೆಂಬ ಮಾತೂ ಇದೆ. ಮುಂದೆ ಬೇರೆ ಬೇರೆ ದಾರಿ ಹಿಡಿದವರೆಲ್ಲರೂ ಅಂದು ಒಬ್ಬ ಅನಾಥ ಅರಸನ ಹೆಸರಿನಲ್ಲಿ ಒಂದೆಡೆ ಸೇರಿದ್ದರು.

ಆದರೆ ನ್ಯಾಯಾಸನದ ಮುಂದೆ ಜನರ ಭಾವನೆಗೆ ತೂಕವಿಲ್ಲ. 1860ರ ದಂಡಸಂಹಿತೆಯ ಮಾನಹಾನಿಯ ಕಲಮಿನಂತೆ, ಪ್ರಕಟಿಸಿದ ಮಾತು ನಿಜವೆಂದೂ ಅದರ ಪ್ರಕಟಣೆ ಲೋಕಹಿತಕ್ಕಾಗಿಯೆಂದೂ ತೋರಿಸಿದವನಿಗೆ ಬಿಡುಗಡೆಯಿತ್ತು. ಆದರೆ ಹಾಗೆ ತೋರಿಸುವ ಭಾರ ಆರೋಪಿಯದೇ ಆಗಿತ್ತು. ತಿಲಕ-ಆಗರಕರರ ರಕ್ಷಣೆಯೆಲ್ಲ ಆ ಪತ್ರಗಳ ಮೇಲೆ ನಿಂತಿತು. ಪತ್ರಗಳಾದರೋ ಕೃತ್ರಿಮವೆಂದು ಸಿದ್ಧವಾದುವು. ಆಧಾರ ಕುಸಿದುದನ್ನು ಕಂಡ ಸಂಪಾದಕರು ಬರ್ವೆಯವರ ಕ್ಷಮೆ ಬೇಡಿದರು, ಆದರೂ ಖಟ್ಲೆ ನಿಲ್ಲಲಿಲ್ಲ. 1882ರ ಜುಲೈ 17ರಂದು ಮುಂಬಯಿಯ ಹಾಯಕೋರ್ಟಿನಲ್ಲಿ ಇಬ್ಬರಿಗೂ ನಾಲ್ಕು ತಿಂಗಳ ಸಾದಾ ಸಜೆಯಾಯಿತು.

ಮುಂಬಯಿಯ ಡೋಂಗ್ರಿ ಸೆರೆಮನೆಯಲ್ಲಿ ಅವರು ಕಳೆದುದು 101 ದಿನ. ಅಕ್ಟೋಬರ 26ರಂದು ಬಿಡುಗಡೆಯಾದಾಗ ಸೆರೆಮನೆಯ ಬಾಗಿಲಲ್ಲಿ ಜನಜಾತ್ರೆಯೇ ನೆರೆದಿತ್ತು. ಆ ದಿನಗಳ ಅನುಭವವನ್ನು ಆಗರಕರರು ಪುಸ್ತಕವಾಗಿ ಬರೆದರು. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕಕ್ಕೆ ಅವರು ಮಾಡಿದ ಮರಾಠಿ ರೂಪ ‘ವಿಕಾರವಿಲಸಿತ’ 1883ರಲ್ಲಿ ಹೊರಬಂದಿತು. ಅರಮನೆಯ ಒಳಸಂಚು, ಹುಚ್ಚನೆನಿಸಿಕೊಂಡ ರಾಜಪುತ್ರ, ಮುಚ್ಚಿಹೋದ ಕೊಲೆ ಇವೇ ಆ ನಾಟಕದ ವಸ್ತು. ಅದನ್ನು ಮರಾಠಿಗೆ ತರುವಾಗ ಆಗರಕರರ ಮನಸ್ಸಿನಲ್ಲಿ ಕೊಲ್ಹಾಪುರ ಇದ್ದಿರಲಾರದೆಂದು ಹೇಳುವುದು ಕಠಿಣ ಎಂದು ಯಾರಿಗಾದರೂ ಅನಿಸಬಹುದು. ಆದರೆ ಮನಸ್ಸಿನೊಳಗಣ ಮಾತಿಗೆ ಕಾಗದದ ಸಾಕ್ಷಿ ಇರುವುದಿಲ್ಲ. ಆದ್ದರಿಂದ ಹೋಲಿಕೆಯನ್ನಷ್ಟೇ ಇಲ್ಲಿ ಸೂಚಿಸಿದ್ದೇನೆ.

೪. ಅಹಮದನಗರದ ಅಂತ್ಯ

ಖಟ್ಲೆ ನಡೆದ ವರುಷವೇ, ಎಂದರೆ 1882ರಲ್ಲಿ, ಮಹಾರಾಜರನ್ನು ಕೊಲ್ಹಾಪುರದಿಂದ ಅಹಮದನಗರಕ್ಕೆ ಸಾಗಿಸಲಾಯಿತು. ಅದು ಈಗ ಅಹಿಲ್ಯಾನಗರವೆಂದು ಹೆಸರು ಪಡೆದ ಊರು. ಸಂಸ್ಥಾನದ ಆಡಳಿತಕ್ಕೆ ಕಾಗಲದ ಜಯಸಿಂಗರಾವ ಘಾಟಗೆಯವರು ರೀಜಂಟರಾದರು. ತಮ್ಮ ಜನ, ತಮ್ಮ ಊರು, ತಮ್ಮ ಕುಲದೇವತೆ ಎಲ್ಲವನ್ನೂ ಬಿಟ್ಟು ಹತ್ತೊಂಬತ್ತು ವರುಷದ ತರುಣ ಪರಸ್ಥಳದಲ್ಲಿ ಸೋಜಿರರ ಕಾವಲಿನಲ್ಲಿ ಉಳಿದರು. ಆ ಕಾವಲುಗಾರರಲ್ಲಿ ಒಬ್ಬನ ಹೆಸರು ಗ್ರೀನ್.

1883ರ ಡಿಸೆಂಬರ 25, ಕ್ರಿಸ್ತ ಜಯಂತಿಯ ದಿನ. ಆ ದಿನ ಮಹಾರಾಜರಿಗೂ ಗ್ರೀನನಿಗೂ ಕೈಕೈ ಹತ್ತಿ, ಆ ಹೆಣಗಾಟದಲ್ಲಿ ಮಹಾರಾಜರು ಮಡಿದರು. ಗ್ರೀನನಿಗೆ ಈ ಸಾವಿಗಾಗಿ ಶಿಕ್ಷೆಯಾಗಲಿಲ್ಲ. ಅರಸನನ್ನು ಕಾಯಲು ಇಟ್ಟವನ ಕೈಯಲ್ಲಿಯೇ ಅರಸ ಸತ್ತನೆಂಬ ನೋವು ಮಾತ್ರ ಕೊಲ್ಹಾಪುರದ ಜನರ ಮನಸ್ಸಿನಿಂದ ಹೋಗಲಿಲ್ಲ.

ಗಾದಿ ಮತ್ತೆ ಬರಿದಾಯಿತು. 1884ರ ಮಾರ್ಚ 17ರಂದು ಮಹಾರಾಜರ ವಿಧವೆ ಆನಂದಿಬಾಯಿಯವರು ಕಾಗಲದ ರೀಜಂಟರ ಮಗ ಯಶವಂತರಾವರನ್ನು ದತ್ತಕ ತೆಗೆದುಕೊಂಡರು. ಅವರೇ 1894ರ ಏಪ್ರಿಲ 2ರಂದು ಅಧಿಕಾರಸೂತ್ರ ವಹಿಸಿಕೊಂಡ ಶಾಹೂ ಮಹಾರಾಜರು. ಒಂದು ಕಾಲಕ್ಕೆ ಕೊಲ್ಹಾಪುರದ ಗಾದಿಗಾಗಿ ಸೆರೆ ಕಂಡ ತಿಲಕರು, ಮುಂದೆ ವೇದೋಕ್ತದ ವಾದದಲ್ಲಿ ಅದೇ ಗಾದಿಯ ಅರಸರ ಎದುರು ನಿಂತರು. ಆ ದೊಡ್ಡ ವಾದದ ಗದ್ದಲದಲ್ಲಿ ಹಿಂದಿನ ಅರಸರ ಸಾವು ಇನ್ನಷ್ಟು ಹಿಂದೆ ಸರಿಯಿತು.

೫. ನ್ಯಾಯಾಲಯ ತೀರ್ಮಾನಿಸಿದುದು ಏನು?

ಈ ಪ್ರಕರಣದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಪತ್ರಗಳು ಬರ್ವೆಯವರವೇ? ಮಹಾರಾಜರಿಗೆ ನಿಜವಾಗಿ ಮನೋರೋಗವಿತ್ತೇ, ಇದ್ದರೆ ಅವರ ಪಾಲನೆ ಯೋಗ್ಯ ರೀತಿಯಿಂದ ನಡೆಯಿತೇ? ಅವರ ಸಾವಿನ ಹೊಣೆ ಯಾರದು?

1882ರ ತೀರ್ಪು ಉತ್ತರ ಕೊಟ್ಟುದು ಮೊದಲನೆಯದಕ್ಕೆ ಮಾತ್ರ. ಪತ್ರಗಳು ಸುಳ್ಳು, ಬರ್ವೆಯವರ ಮಾನಕ್ಕೆ ಹಾನಿಯಾಗಿದೆ ಎಂಬಷ್ಟೇ ಅದರ ಅರ್ಥ. ಎರಡನೆಯ ಪ್ರಶ್ನೆ ಆ ಖಟ್ಲೆಯ ಅಂಚಿನಲ್ಲಿ ಸುಳಿದರೂ ನಿರ್ಣಯದ ವಿಷಯವಾಗಲಿಲ್ಲ. ಮೂರನೆಯದಂತೂ ಆಗ ಹುಟ್ಟಿಯೇ ಇರಲಿಲ್ಲ, ಏಕೆಂದರೆ ಮಹಾರಾಜರು ಮಡಿದುದು ತೀರ್ಪಿನ ಹದಿನೇಳು ತಿಂಗಳ ನಂತರ. ಆದರೂ ಇವನ್ನು ಕಲಸಿ ಹೇಳುವ ರೂಢಿ ಎರಡೂ ಪಕ್ಷಗಳಲ್ಲಿದೆ. ಪತ್ರ ಸುಳ್ಳಾದುದರಿಂದ ಅನ್ಯಾಯವೇ ಆಗಿಲ್ಲವೆಂದು ಒಬ್ಬರು ಹೇಳುತ್ತಾರೆ. ಮಹಾರಾಜರು ಹಾಗೆ ಸತ್ತುದರಿಂದ ಪತ್ರಗಳು ನಿಜವಿದ್ದಿರಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಎರಡೂ ತರ್ಕದೋಷಗಳೇ. ಹಾಗೆಯೇ ಗಾದಿ ಯಾರಿಗೆ ದೊರಕಿತೆಂಬುದನ್ನು ನೋಡಿ ಹಿಂದಿನ ಸಂಚನ್ನು ಊಹಿಸುವುದೂ ನ್ಯಾಯವಲ್ಲ. ಲಾಭವಾದವನೇ ಅಪರಾಧಿಯೆಂಬುದು ಕಾದಂಬರಿಗೆ ಒಪ್ಪೀತು, ಇತಿಹಾಸಕ್ಕೆ ಒಪ್ಪದು.

ನನಗೆ ತೋರುವ ಮಟ್ಟಿಗೆ, ಮಹಾರಾಜರಿಗೆ ದೊಡ್ಡ ಹಾನಿ ಮಾಡಿದುದು ಆ ಕೃತ್ರಿಮ ಪತ್ರಗಳೇ. ಅರಸನನ್ನು ಹೀಗೇಕೆ ಕಾವಲಿನಲ್ಲಿ ಇಟ್ಟಿದ್ದೀರೆಂದು ಸರಕಾರವನ್ನು ಕೇಳುತ್ತಿದ್ದ ಪತ್ರಿಕೆಗಳು, ಪತ್ರಗಳು ಬಂದ ಬಳಿಕ ತಾವೇ ಉತ್ತರ ಹೇಳಬೇಕಾಯಿತು. ಪ್ರಶ್ನೆ ಅರಸನ ಪಾಲನೆಯಿಂದ ಸರಿದು ಕಾರಭಾರಿಯ ಮಾನಕ್ಕೆ ಬಂದು ನಿಂತಿತು. ಪತ್ರ ಬಿದ್ದಾಗ ಅದರೊಂದಿಗೆ ನಿಜವಾದ ಪ್ರಶ್ನೆಯೂ ಬಿದ್ದಿತು. ಅಹಮದನಗರದ ಆ ಒಂದೂವರೆ ವರುಷ, ಹೊರಗಿನ ಕಣ್ಣು ಅತ್ಯಂತ ಅವಶ್ಯವಾಗಿದ್ದಾಗ, ಮೊದಲಿನ ಬಲದಿಂದ ಕೇಳಬಲ್ಲ ದನಿ ಉಳಿದಿರಲಿಲ್ಲ.

೬. ನಮಗೆ ಇದರಿಂದ ತಿಳಿಯಬೇಕಾದುದು

ತಿಲಕರೂ ಆಗರಕರರೂ ಅಪ್ರಾಮಾಣಿಕರಾಗಿರಲಿಲ್ಲ. ಅವರ ಉದ್ದೇಶ ಶುದ್ಧವಾಗಿತ್ತು, ವಿದ್ವತ್ತೂ ಕಡಮೆಯದಲ್ಲ. ತಮ್ಮ ಮನಸ್ಸಿಗೆ ಒಪ್ಪುವ ಕಾಗದ ಕೈಗೆ ಬಂದಾಗ ಅದನ್ನು ಪರೀಕ್ಷಿಸುವಲ್ಲಿ ಅವರು ತಪ್ಪಿದರು. ಈ ತಪ್ಪಿನ ಭಯ ನಮಗೂ ಇದೆ. ಗಡಿನಾಡಿನಲ್ಲಿ ಕುಳಿತು ಇತಿಹಾಸ ಬರೆಯುವವರ ಮುಂದೆ ದಿನವೂ ಹಳೆಯ ಸನದು, ಹಳೆಯ ವಂಶಾವಳಿ, ತಾಮ್ರಪಟದ ನಕಲು ಬರುತ್ತಿರುತ್ತವೆ. ನಮ್ಮ ನುಡಿಗೆ, ನಮ್ಮ ಊರಿಗೆ ಅನುಕೂಲವಾದುದು ಬಂದಾಗ ಕಣ್ಣು ಮುಚ್ಚಿ ಸ್ವೀಕರಿಸುವ ಆಸೆ ಸಹಜ. ಆದರೆ ಪ್ರತಿಪಕ್ಷದ ಕಾಗದವನ್ನು ನಾಲ್ಕು ಸಲ ತಿರುವಿ ನೋಡುವವನು ತನ್ನ ಪಕ್ಷದ ಕಾಗದವನ್ನು ಎಂಟು ಸಲ ನೋಡಬೇಕು. ಯಾರ ಕೈಬರಹ, ಯಾರ ಮನೆಯಿಂದ ಬಂದಿತು, ಯಾವ ಕೈಗಳನ್ನು ದಾಟಿ ಬಂದಿತು ಎಂದು ಕೇಳದೆ ಅಚ್ಚಿಗೆ ಕೊಡಬಾರದು. ಒಂದು ಸುಳ್ಳು ಸನದು ಹೊರಬಿದ್ದರೆ ಹತ್ತು ನಿಜವಾದ ಶಾಸನಗಳ ಮಾತನ್ನೂ ಜನ ನಂಬದೆ ಹೋಗುತ್ತಾರೆ.

ಇನ್ನೊಂದು ಕೆಲಸ ಬಾಕಿ ಉಳಿದಿದೆ. 1949ರಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ರಾಯಬಾಗ ಬೆಳಗಾವಿ ಜಿಲ್ಲೆಗೆ ಸೇರಿತು, ಗಡಹಿಂಗ್ಲಜ ಕೊಲ್ಹಾಪುರದಲ್ಲಿಯೇ ಉಳಿಯಿತು. ಜನ ಹಂಚಿಹೋದರೂ ಸಂಸ್ಥಾನದ ಕಾಲದ ಕಾಗದಗಳಿಗಾಗಿ ಇಬ್ಬರೂ ಕೊಲ್ಹಾಪುರದ ದಫ್ತರಖಾನೆಯ ಬಾಗಿಲಿಗೇ ಹೋಗಬೇಕು. ಅಲ್ಲಿಯ ಬಹಳಷ್ಟು ಬರಹ ಮೋಡಿ ಲಿಪಿಯಲ್ಲಿದೆ, ಮೋಡಿ ಓದಬಲ್ಲವರು ಕಡಮೆಯಾಗುತ್ತಿದ್ದಾರೆ. ಕನ್ನಡ, ಮರಾಠಿ ಎರಡನ್ನೂ ಬಲ್ಲ ನಮ್ಮ ಶಿಕ್ಷಕ ಬಂಧುಗಳಲ್ಲಿ ಕೆಲವರಾದರೂ ಮೋಡಿ ಕಲಿತು, 1871ರಿಂದ 1883ರವರೆಗಿನ ಕಾಗದಗಳನ್ನು ಸಹನೆಯಿಂದ ಓದಿದರೆ, ಮೇಲೆ ಹೇಳಿದ ಎರಡನೆಯ, ಮೂರನೆಯ ಪ್ರಶ್ನೆಗಳಿಗೆ ಬೆಳಕು ದೊರೆಯಬಹುದು. ದೊರೆತ ಉತ್ತರ ನಮ್ಮ ಊಹೆಗೆ ವಿರುದ್ಧವಾಗಿದ್ದರೂ ಬರೆದಿಡುವ ಧೈರ್ಯ ಬೇಕು.

ಫ್ಲಾರೆನ್ಸಿನಲ್ಲಿ ಮಡಿದ ರಾಜಾರಾಮರಿಗೆ ವಿದೇಶೀಯರು ಸ್ಮಾರಕ ಉಳಿಸಿದ್ದಾರೆ. ಅದೇ ಇಪ್ಪತ್ತರ ವಯಸ್ಸಿನಲ್ಲಿ ಸ್ವದೇಶದಲ್ಲಿಯೇ ಮಡಿದ ಅವರ ದತ್ತಕ ಪುತ್ರರಿಗೆ ನಾವು ಸಲ್ಲಿಸಬೇಕಾದುದು ಒಂದು ಸರಿಯಾದ ವಿಚಾರಣೆ. ಅಪರಾಧಿಗೆ ದಂಡ ವಿಧಿಸುವ ಕಾಲ ಕಳೆದುಹೋಯಿತು. ನಡೆದುದನ್ನು ನಡೆದಂತೆ ತಿಳಿಯುವ ಕಾಲ ಇನ್ನೂ ಕಳೆದಿಲ್ಲ.