ಹೊಸ್ತಿಲು ದಾಟಿದ ದೊಣ್ಣೆ

ನಡುರಾತ್ರಿ ಕನ್ನ ಕೊರೆದು ಒಳಬಂದವನನ್ನು ಮನೆಯ ಯಜಮಾನ ದೊಣ್ಣೆಯಿಂದ ಹೊಡೆದು, ಆ ಏಟಿಗೆ ಅವನು ಸತ್ತರೂ ಭಾರತದ ಕಾನೂನು ಯಜಮಾನನನ್ನು ಕೊಲೆಗಾರ ಎನ್ನದಿರಬಹುದು. ಅದೇ ಕಳ್ಳ ಸಿಕ್ಕಿಬಿದ್ದು, ಕೈಕಾಲು ಕಟ್ಟಿಸಿಕೊಂಡು, ಬೆಳಗಾದ ಮೇಲೆ ಊರ ಮುಂದಿನ ಕರೆಂಟು ಕಂಬದ ಬುಡದಲ್ಲಿ ಕೂತಿರುವಾಗ ಅದೇ ಯಜಮಾನ ಹೋಗಿ ಅದೇ ದೊಣ್ಣೆಯಿಂದ ಒಂದೇಟು ಬಾರಿಸಿದರೂ ಅದು ಅಪರಾಧ. ಕಳ್ಳ ಅವನೇ, ದೊಣ್ಣೆ ಅದೇ, ಸಿಟ್ಟಿಗೆ ಕಾರಣವೂ ಇದೆ. ಬದಲಾದದ್ದು ಹೊತ್ತು ಮಾತ್ರ.

ಈ ಎರಡನೆಯ ಏಟಿಗೆ ನಮ್ಮ ಪತ್ರಿಕೆಗಳು ಇಟ್ಟಿರುವ ಹೆಸರು ‘ಧರ್ಮದೇಟು’. ‘ಸಾರ್ವಜನಿಕರಿಂದ ಸರಗಳ್ಳನಿಗೆ ಧರ್ಮದೇಟು’ ಎಂಬ ತಲೆಬರಹವನ್ನು ಓದದ ಕನ್ನಡಿಗ ಇರಲಾರ. ಅದನ್ನು ಓದುವಾಗ ನಮಗೇನೂ ಅನ್ನಿಸುವುದಿಲ್ಲ, ಒಳಗೊಳಗೇ ಸ್ವಲ್ಪ ಖುಷಿಯೂ ಆಗುತ್ತದೆ. ಕಟ್ಟಿಹಾಕಿದವನಿಗೆ ಬೀಳುವ ಏಟಿನೊಳಕ್ಕೆ ‘ಧರ್ಮ’ ಎಂಬ ಮಾತು ಹೇಗೆ ನುಸುಳಿತು ಎಂದು ಯಾರೂ ಕೇಳುವುದಿಲ್ಲ. ಭಾಷೆ ಮೊದಲೇ ತೀರ್ಪು ಕೊಟ್ಟುಬಿಟ್ಟಿರುತ್ತದೆ.

ಕಾನೂನಿನ ತೀರ್ಪು ಬೇರೆ. 1834ರಲ್ಲಿ ಭಾರತಕ್ಕೆ ಬಂದ ಮೆಕಾಲೆ ಮೊದಲ ಕಾನೂನು ಆಯೋಗದ ಮುಖ್ಯಸ್ಥನಾಗಿ 1837ರಲ್ಲಿ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸಿದ. ಅದು ಕಾನೂನಾಗಿ ಅಂಗೀಕಾರವಾದದ್ದು 1860ರ ಅಕ್ಟೋಬರಿನಲ್ಲಿ, ಜಾರಿಗೆ ಬಂದದ್ದು 1862ರ ಜನವರಿ 1ರಂದು. ಅದನ್ನು ನೋಡಲು ಮೆಕಾಲೆ ಇರಲಿಲ್ಲ, 1859ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದ. ಆತ್ಮರಕ್ಷಣೆಯ ವಿಷಯದಲ್ಲಿ ಅವನ ಕೈ ಧಾರಾಳವಾಗಿತ್ತು. ಈ ದೇಶದ ಜನ ಡಕಾಯಿತರ ಮುಂದೆ ಸುಲಭವಾಗಿ ಮಣಿಯುತ್ತಾರೆ, ಅವರಲ್ಲಿ ಎದುರಿಸಿ ನಿಲ್ಲುವ ಗಂಡೆದೆಯನ್ನು ಎಬ್ಬಿಸಬೇಕು ಎಂಬುದು ಆಯೋಗದ ಅಭಿಪ್ರಾಯ. ಡಕಾಯಿತರನ್ನು ಹಿಡಿಯಲಾರದ ಸರ್ಕಾರವೊಂದು ಪ್ರಜೆಗಳ ಪುಕ್ಕಲುತನದ ಬಗ್ಗೆ ಬೇಸರಪಡುವುದು ವಿಚಿತ್ರವೇ. ಆದರೂ ಫಲ ಒಳ್ಳೆಯದೇ ಬಂತು. ತನ್ನ ಪ್ರಾಣವನ್ನಷ್ಟೇ ಅಲ್ಲ, ಯಾರೇ ಪರರ ಪ್ರಾಣವನ್ನೂ ಕಾಪಾಡುವ ಹಕ್ಕು ನಮಗೆ ಬಂತು. ಬೀದಿಯಲ್ಲಿ ಹೆಣ್ಣುಮಗಳೊಬ್ಬಳ ಮೇಲೆ ಕೈಮಾಡಿದವನನ್ನು ತಡೆಯುವವನು ಅವಳ ಅಣ್ಣನೋ ತಮ್ಮನೋ ಆಗಿರಬೇಕಿಲ್ಲ.

ಹೀಗೆ ಕೊಟ್ಟ ಹಕ್ಕಿಗೆ ಕಾನೂನು ಬೇಲಿಯನ್ನೂ ಹಾಕಿತು. ಪೊಲೀಸರ ರಕ್ಷಣೆ ಪಡೆಯುವಷ್ಟು ಸಮಯವಿದ್ದರೆ ಈ ಹಕ್ಕಿಲ್ಲ. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚಿನ ಪೆಟ್ಟು ಕೊಡುವಂತಿಲ್ಲ. ಅಪಾಯದ ಭಯ ಹುಟ್ಟಿದಾಗ ಹಕ್ಕೂ ಹುಟ್ಟುತ್ತದೆ, ಭಯ ಮುಗಿದಾಗ ಅದೂ ಮುಗಿಯುತ್ತದೆ. ರಾತ್ರಿ ಕನ್ನ ಹಾಕಿದವನ ವಿಷಯದಲ್ಲಂತೂ, ಅವನ ಅತಿಕ್ರಮ ಮನೆಯೊಳಗೆ ನಡೆಯುತ್ತಿರುವಷ್ಟು ಹೊತ್ತು ಎಂದೇ ಬರೆದಿದೆ. ಖಾಸಗಿ ವ್ಯಕ್ತಿ ಕಳ್ಳನನ್ನು ಹಿಡಿಯಬಹುದು, ಆದರೆ ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು. 96ರಿಂದ 106ರವರೆಗೆ ಇದ್ದ ಈ ಕಲಮುಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44 ಆಗಿವೆ. ಅಂಕಿ ಬದಲಾಗಿದೆ, ತಿರುಳು ಹೆಚ್ಚುಕಡಿಮೆ ಅದೇ.

ಇಲ್ಲಿ ಒಂದು ಚಿಕ್ಕ ಸಂಗತಿ. ಈ ದಂಡಸಂಹಿತೆಯನ್ನು ‘ತಾಜೀರಾತೆ ಹಿಂದ್’ ಎಂಬ ಹೆಸರಿನಲ್ಲಿ ಉರ್ದುವಿಗೆ ತಂದವರಲ್ಲಿ ಡೆಪ್ಯುಟಿ ನಜೀರ್ ಅಹ್ಮದ್ ಒಬ್ಬರು. ಮುಂದೆ 1869ರಲ್ಲಿ ‘ಮಿರಾತುಲ್ ಉರೂಸ್’ ಬರೆದು ಉರ್ದು ಕಾದಂಬರಿಗೆ ನಾಂದಿ ಹಾಡಿದವರು ಇವರೇ. ಆತ್ಮರಕ್ಷಣೆಯ ಹಕ್ಕಿಗೆ ಉರ್ದು ಕಾನೂನಿನಲ್ಲಿ ‘ಹಕ್ಕೆ ಹಿಫಾಜತೆ ಖುದ್ ಇಖ್ತಿಯಾರಿ’ ಎನ್ನುತ್ತಾರೆ. ಮೂಲ ಪದ ‘ಹಿಫಾಜತ್’. ಎಂದರೆ ಕಾಪಾಡುವುದು, ಜೋಪಾನ ಮಾಡುವುದು. ಸೇಡಿಗೆ ‘ಇಂತಿಕಾಮ್’ ಎಂಬ ಬೇರೆಯೇ ಪದವಿದೆ. ಎರಡನ್ನೂ ಒಂದೇ ಬಾಯಲ್ಲಿ ಹೇಳುವುದು ಕಷ್ಟ. ಕನ್ನಡದಲ್ಲೂ ರಕ್ಷಣೆ ಬೇರೆ, ಶಿಕ್ಷೆ ಬೇರೆ. ‘ಧರ್ಮದೇಟು’ ಬಂದು ಎರಡನ್ನೂ ಕಲಸಿಬಿಟ್ಟಿತು.

ನ್ಯಾಯಾಲಯಗಳು ಈ ಗೆರೆಯನ್ನು ಹೇಗೆ ಎಳೆದಿವೆ ಎಂಬುದಕ್ಕೆ 1962ರ ಸುಪ್ರೀಂ ಕೋರ್ಟಿನ ತೀರ್ಪೊಂದನ್ನು ವಕೀಲರು ಇಂದಿಗೂ ಎತ್ತಿ ಹೇಳುತ್ತಾರೆ. ಆಗಿನ ಪಂಜಾಬಿನ ಹಳ್ಳಿಯೊಂದರಲ್ಲಿ ಹೊಲದ ಜಗಳ. ಹೊಲ ತಮ್ಮ ಸ್ವಾಧೀನದಲ್ಲಿದ್ದವರ ಮೇಲೆ ಊರವರು ಗುಂಪಾಗಿ ಬಂದರು. ಇವರು ಬಂದೂಕು ಹಾರಿಸಿದರು. ಬಂದವರು ಬೆದರಿ ಓಡತೊಡಗಿದ ಮೇಲೂ ಹಾರಿಸಿದರು, ಓಡುತ್ತಿದ್ದವರು ಸತ್ತರು. ಮೊದಲಿಗೆ ಇವರಿಗೆ ಆತ್ಮರಕ್ಷಣೆಯ ಹಕ್ಕಿತ್ತು ಎಂದು ಕೋರ್ಟು ಒಪ್ಪಿತು. ಎದುರಾಳಿ ಬೆನ್ನು ತಿರುಗಿಸಿದ ಕ್ಷಣವೇ ಅದು ಮುಗಿಯಿತು ಎಂದೂ ಹೇಳಿತು. ಹಾಗೆಂದು ಪ್ರಾಣಭಯದಲ್ಲಿರುವವನು ತಕ್ಕಡಿ ಹಿಡಿದು ತೂಗಿ ಹೊಡೆಯಬೇಕೆಂದು ನಮ್ಮ ನ್ಯಾಯಾಲಯಗಳು ಬಯಸಿಲ್ಲ. ಒಳ್ಳೆಯ ಉದ್ದೇಶದಿಂದ, ಮೊದಲೇ ಯೋಜಿಸದೆ, ರಕ್ಷಣೆಯ ಮಿತಿ ಮೀರಿ ಕೊಂದರೆ ಅದನ್ನು ಕೊಲೆಗಿಂತ ಕಡಿಮೆಯ ಅಪರಾಧವಾಗಿ ನೋಡುವ ಅವಕಾಶವೂ ಇದೆ. ಕಾನೂನು ಮನುಷ್ಯನ ಗಾಬರಿಯನ್ನು ಬಲ್ಲದು. ಅದು ಕ್ಷಮಿಸದಿರುವುದು ಗಾಬರಿ ಇಳಿದ ಮೇಲಿನ ತಯಾರಿಯನ್ನು.

ತಯಾರಿ ಒಬ್ಬನದಾಗಿರದೆ ಗುಂಪಿನದಾದಾಗ ಅದಕ್ಕೊಂದು ಸಮಿತಿ, ಒಂದು ಹೆಸರು, ಒಂದು ಪಟ್ಟಿ ಹುಟ್ಟಿಕೊಳ್ಳುತ್ತವೆ. ಅಂಥವರಿಗೆ ಜಗತ್ತು ಕೊಟ್ಟಿರುವ ‘ವಿಜಿಲಾಂಟಿ’ ಎಂಬ ಪದ ಮೂಲದಲ್ಲಿ ಸ್ಪ್ಯಾನಿಶ್, ಕಾವಲುಗಾರ ಎಂದಷ್ಟೇ ಅರ್ಥ. ಅದಕ್ಕೆ ಹೆಸರು ಬಂದದ್ದು ಚಿನ್ನ ಸಿಕ್ಕ ಕಾಲದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಪೊಲೀಸರು ಸಾಲದು, ನ್ಯಾಯಾಧೀಶರು ಭ್ರಷ್ಟರು ಎಂದು 1851ರಲ್ಲಿ ಅಲ್ಲಿನ ವರ್ತಕರು ‘ಎಚ್ಚರಿಕೆಯ ಸಮಿತಿ’ ಕಟ್ಟಿ ನಾಲ್ವರನ್ನು ನೇಣಿಗೇರಿಸಿದರು. 1856ರಲ್ಲಿ ಪತ್ರಿಕಾ ಸಂಪಾದಕನೊಬ್ಬನ ಕೊಲೆಯಾದಾಗ ಸಮಿತಿ ಮತ್ತೆ ಎದ್ದಿತು. ಈ ಸಲ ಸಾವಿರಾರು ಸದಸ್ಯರು, ಮರಳುಚೀಲಗಳ ಕೋಟೆ, ಫಿರಂಗಿ. ಮತ್ತೆ ನಾಲ್ವರಿಗೆ ನೇಣು. ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಾಧೀಶನನ್ನೇ ಹಿಡಿದು ಕೂಡಿಹಾಕಿದರು. ಚುನಾವಣಾ ರಾಜಕೀಯದಲ್ಲಿದ್ದ ಐರಿಷ್ ವಲಸಿಗರನ್ನು ಹಡಗು ಹತ್ತಿಸಿ ಊರು ಬಿಡಿಸಿದರು. ಆಗಸ್ಟಿನಲ್ಲಿ ಸಮಿತಿ ವಿಸರ್ಜನೆಯಾಯಿತು. ಅದರ ಮುಖಂಡರು ಪಕ್ಷ ಕಟ್ಟಿ ಸುಮಾರು ಹತ್ತು ವರ್ಷ ನಗರವನ್ನು ಆಳಿದರು. ಕಳ್ಳಕಾಕರಿಂದ ರಕ್ಷಣೆ ಎಂದು ಹೊರಟದ್ದು ಪುರಸಭೆಯ ಗದ್ದುಗೆಯವರೆಗೆ ಹೋಯಿತು.

ನಮ್ಮ ದೇಶದಲ್ಲಿ ಇದರ ದೊಡ್ಡ ಪ್ರಯೋಗ ನಡೆದದ್ದು ಛತ್ತೀಸಗಢದ ಬಸ್ತರಿನಲ್ಲಿ. 2005ರ ಜೂನಿನಲ್ಲಿ ಅಂದಿನ ದಾಂತೇವಾಡ ಜಿಲ್ಲೆಯ ಕುಟ್ರು ಸೀಮೆಯಲ್ಲಿ ಮಾವೋವಾದಿಗಳ ವಿರುದ್ಧ ಸಭೆಗಳು ಶುರುವಾದವು. ಅದಕ್ಕೆ ಬಿದ್ದ ಹೆಸರು ‘ಸಲ್ವಾ ಜುಡುಂ’. ಸರ್ಕಾರ ಅದನ್ನು ಶಾಂತಿ ಅಭಿಯಾನ ಎಂದು ಅನುವಾದಿಸಿತು. ಗೊಂಡಿ ಬಲ್ಲವರು ಹೇಳುವ ಅರ್ಥ ‘ಶುದ್ಧಿಯ ಬೇಟೆ’ ಎಂಬುದಕ್ಕೆ ಹತ್ತಿರ. ಅನುವಾದದಲ್ಲಿ ಕಳೆದುಹೋದದ್ದು ಬೇಟೆ. ನಾಯಕ ಮಹೇಂದ್ರ ಕರ್ಮಾ, ವಿಧಾನಸಭೆಯಲ್ಲಿ ಕಾಂಗ್ರೆಸ್ಸಿನ ವಿರೋಧಪಕ್ಷದ ನಾಯಕ. ಬೆಂಬಲಕ್ಕೆ ನಿಂತದ್ದು ಬಿಜೆಪಿಯ ರಮಣ್ ಸಿಂಗ್ ಸರ್ಕಾರ.

ಆದಿವಾಸಿಗಳಿಗೆ ಮಾವೋವಾದಿಗಳಿಂದ ಭಯವೇ ಇರಲಿಲ್ಲ ಎಂದರೆ ಅದು ಸುಳ್ಳು. ತೆಂದು ಎಲೆಯ ಕೂಲಿ ಹೆಚ್ಚಿಸಿದವರು, ಅರಣ್ಯ ಇಲಾಖೆಯವರ ಕಾಟ ತಪ್ಪಿಸಿದವರು ಅವರೇ ಆಗಿದ್ದರೂ, ‘ಜನ ಅದಾಲತ್’ ನಡೆಸಿ ಪೊಲೀಸರ ಮಾಹಿತಿದಾರ ಎಂಬ ಆರೋಪದ ಮೇಲೆ ಬಡವರನ್ನೇ ಕೊಲ್ಲುತ್ತಿದ್ದವರೂ ಅವರೇ. ಅದೂ ವಿಚಾರಣೆಯ ಸೋಗು ಹಾಕಿದ ಧರ್ಮದೇಟೇ. ಇಂಥವರಿಂದ ತಮ್ಮ ಗುಡಿಸಲು ಕಾಯಲು ಒಂದು ಹಳ್ಳಿಯ ಜನ ಬಿಲ್ಲುಬಾಣ ಹಿಡಿದು ರಾತ್ರಿ ಎಚ್ಚರವಿದ್ದರೆ ಅದನ್ನು ಯಾರೂ ತಪ್ಪೆನ್ನುವಂತಿಲ್ಲ.

ನಡೆದದ್ದು ಹಾಗಲ್ಲ. ಜುಡುಮಿನ ಗುಂಪುಗಳು ಪೊಲೀಸರು ಮತ್ತು ಅರೆಸೇನಾ ಪಡೆಗಳ ಜೊತೆ ತಮ್ಮ ಊರು ಬಿಟ್ಟು ಪಕ್ಕದ ಊರಿಗೆ ಹೋದವು. ಸಭೆಗೆ ಬಾರದ ಊರು ಮಾವೋವಾದಿಗಳ ಊರು ಎಂಬ ಲೆಕ್ಕಾಚಾರ. ಮನೆಗಳು ಉರಿದವು, ದನಕರು ಕೋಳಿಗಳು ಲೂಟಿಯಾದವು, ಹೆಂಗಸರ ಮೇಲೆ ಅತ್ಯಾಚಾರದ ದೂರುಗಳು ಬಂದವು. ಜನರನ್ನು ರಸ್ತೆ ಬದಿಯ ಶಿಬಿರಗಳಿಗೆ ತಂದು ತುಂಬಿದರು. ಜುಡುಮಿಗೆ ಸೇರಿದ ಹಳ್ಳಿಗಳೆಂದು ಸರ್ಕಾರವೇ ಹೇಳಿಕೊಂಡ ಸಂಖ್ಯೆ 644. ಶಿಬಿರಕ್ಕೆ ಬಾರದವರು ಕಾಡು ಹೊಕ್ಕರು, ಇಲ್ಲವೇ ಗಡಿ ದಾಟಿ ಆಂಧ್ರದ ಖಮ್ಮಂ ಕಡೆಗೆ ನಡೆದರು. ತನ್ನ ಮನೆಯ ರಕ್ಷಣೆಗೆಂದು ಹಿಡಿದ ದೊಣ್ಣೆ ಇನ್ನೊಬ್ಬನ ಅಂಗಳದಲ್ಲಿ ಏನು ಮಾಡುತ್ತಿತ್ತು?

ಆ ದೊಣ್ಣೆ ಬಂದೂಕಾದದ್ದೂ ಬೇಗನೆ. ಆದಿವಾಸಿ ಯುವಕರನ್ನು ‘ವಿಶೇಷ ಪೊಲೀಸ್ ಅಧಿಕಾರಿ’ಗಳೆಂದು, ಎಸ್‌ಪಿಓಗಳೆಂದು, ನೇಮಿಸಿದರು. ಮೊದಲು ತಿಂಗಳಿಗೆ 1500 ರೂಪಾಯಿ, 2011ರ ಹೊತ್ತಿಗೆ 3000. ಐದನೆಯ ತರಗತಿ ಪಾಸಾಗಿದ್ದರೆ ಸಾಕು. ತರಬೇತಿ ಎರಡು ತಿಂಗಳು. ಮಾವೋವಾದಿಗಳು ಇವರನ್ನು ದ್ರೋಹಿಗಳೆಂದು ಗುರುತಿಟ್ಟು ಕೊಂದರು. 2006ರ ಜುಲೈನಲ್ಲಿ ಎರ್ರಾಬೋರ್ ಶಿಬಿರದ ಮೇಲೆ ರಾತ್ರಿ ದಾಳಿ ನಡೆಸಿ ಮಕ್ಕಳೂ ಸೇರಿದಂತೆ ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದರು. 2007ರ ಮಾರ್ಚ್ 15ರಂದು ರಾಣಿಬೋದ್ಲಿಯಲ್ಲಿ 55 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಎಸ್‌ಪಿಓಗಳು. ಕೊಂದವನೂ ಸತ್ತವನೂ ಎಷ್ಟೋ ಸಲ ಒಂದೇ ಸಂತೆಗೆ ಹೋಗುತ್ತಿದ್ದವರು. ಎರಡೂ ಕಡೆಯವರು ತಮ್ಮದು ಆತ್ಮರಕ್ಷಣೆ ಎಂದೇ ಹೇಳುತ್ತಿದ್ದರು.

2006ರ ಮೇ ತಿಂಗಳಲ್ಲಿ ಸ್ವತಂತ್ರ ತಂಡವೊಂದು ಅಲ್ಲಿಗೆ ಹೋಗಿ ನೋಡಿ ವರದಿ ಬರೆಯಿತು. ಆ ತಂಡದಲ್ಲಿದ್ದ ಸಮಾಜಶಾಸ್ತ್ರಜ್ಞೆ ನಂದಿನಿ ಸುಂದರ್, ನಮ್ಮ ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ ಮತ್ತು ನಿವೃತ್ತ ಐಎಎಸ್ ಅಧಿಕಾರಿ ಇ.ಎ.ಎಸ್. ಶರ್ಮಾ 2007ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಜುಲೈ 5ರಂದು ನ್ಯಾಯಮೂರ್ತಿಗಳಾದ ಬಿ. ಸುದರ್ಶನ ರೆಡ್ಡಿ ಮತ್ತು ಎಸ್.ಎಸ್. ನಿಜ್ಜರ್ ತೀರ್ಪು ಕೊಟ್ಟರು. ಈ ಹುಡುಗರನ್ನು ಮಾವೋವಾದಿಗಳ ವಿರುದ್ಧ ಬಂದೂಕು ಕೊಟ್ಟು ನಿಲ್ಲಿಸುವುದು ಸಂವಿಧಾನದ 14 ಮತ್ತು 21ನೆಯ ವಿಧಿಗಳಿಗೆ ವಿರುದ್ಧ. ಕೊಟ್ಟ ಬಂದೂಕುಗಳನ್ನು ಹಿಂತೆಗೆದುಕೊಳ್ಳಿ. ಕಾನೂನನ್ನು ಕೈಗೆತ್ತಿಕೊಳ್ಳುವ ಯಾವ ಗುಂಪನ್ನೂ ಯಾವ ಹೆಸರಿನಲ್ಲೂ ಬಿಡಬೇಡಿ.

ಆ ತೀರ್ಪಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಭಾಗ ಬೇರೆ. ಬಂದೂಕು ಕೊಟ್ಟದ್ದು ಅವರ ಆತ್ಮರಕ್ಷಣೆಗೆ ಎಂದು ಸರ್ಕಾರ ಹೇಳಿತ್ತು. ನ್ಯಾಯಮೂರ್ತಿಗಳು ಆ ಮಾತನ್ನೇ ಹಿಡಿದು ಕೇಳಿದರು: ಆತ್ಮರಕ್ಷಣೆಯ ಹಕ್ಕು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ತಿಳಿಯಲು ಸೂಕ್ಷ್ಮ ವಿವೇಚನೆ ಬೇಕು. ಐದನೆಯ ತರಗತಿ ಓದಿದ ಹುಡುಗ, ತನ್ನವರ ಸಾವು ಕಂಡು ಕುದಿಯುತ್ತಿರುವ ಹುಡುಗ, ಎರಡು ತಿಂಗಳಲ್ಲಿ ಇದನ್ನೆಲ್ಲ ಕಲಿತು, ಕಾಡಿನ ಕತ್ತಲಲ್ಲಿ ಬಂದೂಕಿನ ಕುದುರೆ ಎಳೆಯುವ ಮುನ್ನ ಯೋಚಿಸುತ್ತಾನೆಯೇ? ಅವನ ಸಿಟ್ಟೇ ಅವನ ಅರ್ಹತೆ ಎಂದು ನೇಮಿಸಿಕೊಂಡವರಿಗೆ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ತೀರ್ಪು ಬಂದ ಮೇಲೆ ಛತ್ತೀಸಗಢ ಸರ್ಕಾರ ಅದೇ ವರ್ಷ ಸಹಾಯಕ ಸಶಸ್ತ್ರ ಪೊಲೀಸ್ ಪಡೆಯ ಕಾಯ್ದೆ ಮಾಡಿ ಅದೇ ಹುಡುಗರನ್ನು ಸಂಬಳ ಹೆಚ್ಚಿಸಿ ಒಳಗೆ ಸೇರಿಸಿಕೊಂಡಿತು. ಕರ್ಮಾ ಅವರನ್ನು ಮಾವೋವಾದಿಗಳು 2013ರ ಮೇ 25ರಂದು ಜೀರಂ ಘಾಟಿಯಲ್ಲಿ ಕೊಂದರು. ಆ ಕಾಯ್ದೆ ನ್ಯಾಯಾಂಗ ನಿಂದನೆಯಾಗುತ್ತದೆ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಮುಗಿಸಿತು; ಶಾಸನಸಭೆ ಕಾಯ್ದೆ ಮಾಡುವುದು ನಿಂದನೆಯಲ್ಲ ಎಂದ ಪೀಠದ ಹಿರಿಯ ನ್ಯಾಯಮೂರ್ತಿ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ. ಅದೇ ವರ್ಷ ಸುದರ್ಶನ ರೆಡ್ಡಿ ಉಪರಾಷ್ಟ್ರಪತಿ ಚುನಾವಣೆಗೆ ನಿಂತಾಗ, ಆ ತೀರ್ಪು ಇಲ್ಲದಿದ್ದರೆ ನಕ್ಸಲೀಯತೆ 2020ಕ್ಕೇ ಮುಗಿಯುತ್ತಿತ್ತು ಎಂದು ಕೇಂದ್ರ ಗೃಹಸಚಿವ ಅಮಿತ್ ಶಾ ಹೇಳಿದರು. ತೀರ್ಪು ತನ್ನದಲ್ಲ, ಸುಪ್ರೀಂ ಕೋರ್ಟಿನದು ಎಂದು ರೆಡ್ಡಿ ಉತ್ತರಿಸಿದರು.

ಈ ವಾದದಲ್ಲಿ ಯಾರೂ ಹೆಸರೆತ್ತದವರು ಆಗ ಗಡಿ ದಾಟಿ ನಡೆದವರು. ಖಮ್ಮಂ, ಭದ್ರಾಚಲಂ ಕಡೆಯ ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡ ಅವರನ್ನು ತೆಲಂಗಾಣದಲ್ಲಿ ‘ಗುತ್ತಿ ಕೋಯ’ ಎನ್ನುತ್ತಾರೆ. ಊರಿನಲ್ಲಿ ಅವರು ಪರಿಶಿಷ್ಟ ಪಂಗಡ. ಇಲ್ಲಿ ಆ ಮಾನ್ಯತೆ ಇಲ್ಲ, ಹಾಗಾಗಿ ಕಡಿದು ಉತ್ತ ನೆಲದ ಮೇಲೆ ಹಕ್ಕೂ ಇಲ್ಲ. ಅರಣ್ಯ ಇಲಾಖೆಯವರು ಬಂದು ಗುಡಿಸಲು ಕೀಳಿಸುತ್ತಾರೆ, ಇವರು ಇನ್ನಷ್ಟು ಒಳಗೆ ಹೋಗಿ ಮತ್ತೆ ಕಟ್ಟುತ್ತಾರೆ.