ಕಟ್ಟೆಯ ಮೇಲಿನ ಪತ್ತೇದಾರರು

“ಪುಂಜಾಲಕಟ್ಟೆಯಂತಹ ಪುಟ್ಟ ಪೇಟೆಯಲ್ಲಿ ಪತ್ತೇದಾರನಿಗೆ ಏನು ಕೆಲಸ, ಸರ್?” ಎಂದು ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. ಪ್ರಶ್ನೆ ತಮಾಷೆಯದು, ಆದರೆ ವಿಚಾರಾರ್ಹವಾದುದು. ಇಲ್ಲಿ ಅಪರಿಚಿತನೊಬ್ಬ ಬಸ್ಸಿನಿಂದ ಇಳಿದು ಚಹಾದಂಗಡಿ ತಲುಪುವಷ್ಟರಲ್ಲಿ ಅವನು ಯಾರ ಮನೆಯ ನೆಂಟ, ಯಾವ ಕಾರ್ಯಕ್ಕೆ ಬಂದವನು, ಎಷ್ಟು ದಿನ ಉಳಿಯುವವನು ಎಂಬುದೆಲ್ಲ ಕಟ್ಟೆಯ ಮೇಲೆ ಕುಳಿತವರಿಗೆ ತಿಳಿದಿರುತ್ತದೆ. ಸಂಬಳವಿಲ್ಲದ ಪತ್ತೇದಾರರು ಇಷ್ಟೊಂದು ಮಂದಿ ಇರುವಾಗ ಸಂಬಳದವನೊಬ್ಬ ಏಕೆ ಬೇಕು?

ಷೆರ್ಲಾಕ್ ಹೋಮ್ಸ್ 1887ರಲ್ಲಿ ಓದುಗರ ಮುಂದೆ ಬಂದದ್ದು ಲಂಡನ್ನಿನ ನಿವಾಸಿಯಾಗಿ. ನೆರೆಮನೆಯವನ ಹೆಸರೂ ಗೊತ್ತಿಲ್ಲದ ಮಹಾನಗರಕ್ಕೆ ಅಂತಹ ಸೂಕ್ಷ್ಮದೃಷ್ಟಿಯವನೊಬ್ಬ ಬೇಕಿತ್ತು. ಆದರೆ 1930ರಲ್ಲಿ ಅಗಾಥಾ ಕ್ರಿಸ್ಟಿ ತಮ್ಮ ಕಾದಂಬರಿಯೊಂದರಲ್ಲಿ ಹಳ್ಳಿಯ ವೃದ್ಧೆ ಮಿಸ್ ಮಾರ್ಪಲ್ ಅವರನ್ನು ಪತ್ತೇದಾರಿಕೆಗೆ ಇಳಿಸಿದರು. ಊರಿನ ಹರಟೆಯನ್ನು ಕಿವಿಗೊಟ್ಟು ಕೇಳುವುದೇ ಆಕೆಯ ವಿದ್ಯೆ. ಅಂತಹ ಅಜ್ಜಿಯರಿಗೆ ನಮ್ಮಲ್ಲಿಯೂ ಕೊರತೆಯಿಲ್ಲ.

ಹಾಸ್ಯ, ಅಪರಾಧ, ಪ್ರಣಯ ಈ ಮೂರೂ ಸೇರಿದ ಸಣ್ಣ ಊರಿನ ಕಥೆಯನ್ನು ನಮ್ಮ ಜಿಲ್ಲೆ ಅದಕ್ಕೂ ಮೊದಲೇ ಕಂಡಿತ್ತು ಎಂಬುದನ್ನು ನೀವು ತಿಳಿಯಬೇಕು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಅದನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ನಾವೆಲ್ಲ ಪಾಠದಲ್ಲಿ ಹೇಳಿದ್ದೇವೆ. ಆದರೆ ಅದನ್ನು ಬರೆದವರು ಪೊಲೀಸ್ ಅಧಿಕಾರಿಯಾಗಿದ್ದರು ಎಂಬುದನ್ನು ಹೇಳುವಷ್ಟರಲ್ಲಿ ಹೆಚ್ಚಾಗಿ ಗಂಟೆ ಬಾರಿಸುತ್ತಿತ್ತು!

ಕಥೆ ನಡೆಯುವ ಊರು ಕಮಲಾಪುರ. ಹೆಸರು ಕಲ್ಪಿತವಾದರೂ ಮಂಗಳೂರಿನವರಿಗೆ ಅದರ ಬೀದಿಗಳ ಗುರುತು ಹತ್ತದಿರದು. ಅಲ್ಲಿ ಲಂಚದಿಂದ ಕೊಬ್ಬಿದ ಭೀಮರಾಯನಿದ್ದಾನೆ. ಭಕ್ತಿಯ ಮುಸುಕಿನಲ್ಲಿ ಅನಾಚಾರ ನಡೆಸುವ ಸಂತಮಂಡಳಿಯಿದೆ. ಕಥಾನಾಯಕ ಭಾಸ್ಕರನ ತಂದೆಯ ಕೊಲೆಯೂ ಇದೆ. ಭೀಮರಾಯನ ಮಗಳು ಇಂದಿರೆ ಬಾಲವಿಧವೆ. ಅವಳು ಮನೆಯನ್ನು ತೊರೆದು ಸುಧಾರಕ ಅಮೃತರಾಯನ ಆಶ್ರಯದಲ್ಲಿ ವಿದ್ಯೆ ಕಲಿಯುತ್ತಾಳೆ. ಕೊನೆಗೆ, ವಿಲಾಯತಿಯಿಂದ ಅಧಿಕಾರಿಯಾಗಿ ಮರಳಿದ ಭಾಸ್ಕರನನ್ನು ವರಿಸುತ್ತಾಳೆ.

ಇದರಲ್ಲಿ ಭೂತಗನ್ನಡಿ ಹಿಡಿದ ಪತ್ತೇದಾರನಿಲ್ಲ. ತಪ್ಪಿತಸ್ಥರು ಯಾರೆಂಬುದು ಓದುಗನಿಗೆ ಬಹುಬೇಗ ತಿಳಿಯುತ್ತದೆ. ಸಣ್ಣ ಊರಿನ ನಿಜವಾದ ರಹಸ್ಯವನ್ನು ಗುಲ್ವಾಡಿಯವರು ಚೆನ್ನಾಗಿ ಅರಿತಿದ್ದರೆಂದು ನನಗೆ ತೋರುತ್ತದೆ. ಇಲ್ಲಿ ‘ಮಾಡಿದವನು ಯಾರು?’ ಎಂಬುದು ಪ್ರಶ್ನೆಯೇ ಅಲ್ಲ. ಅದು ಎಲ್ಲರಿಗೂ ಗೊತ್ತು. ‘ಗೊತ್ತಿರುವುದನ್ನು ಗಟ್ಟಿಯಾಗಿ ಹೇಳುವವನು ಯಾರು?’ ಎಂಬುದೇ ಪ್ರಶ್ನೆ. ಸಾಕ್ಷಿಗಳು ಬಾಯಿ ಮುಚ್ಚಿಕೊಳ್ಳುವುದನ್ನು ವೃತ್ತಿಯಲ್ಲಿ ಕಂಡವರಿಗೆ ಈ ಸತ್ಯ ಹೊಳೆದುದರಲ್ಲಿ ಆಶ್ಚರ್ಯವಿಲ್ಲ.

ವಿಧವಾ ವಿವಾಹಕ್ಕೆ ಮನ್ನಣೆ ಕೊಟ್ಟ ಕಾನೂನು 1856ರಲ್ಲಿಯೇ ಬಂದಿತ್ತು. ‘ಇಂದಿರಾಬಾಯಿ’ ಅಚ್ಚಾಗುವಾಗ ಅದಕ್ಕೆ 43 ವರ್ಷ ವಯಸ್ಸು. ಆದರೂ ಕತ್ತಲೆಕೋಣೆಯಲ್ಲಿ ಬಾಳು ಸವೆಸುತ್ತಿದ್ದ ಹೆಣ್ಣುಮಕ್ಕಳ ಪಾಡು ಹೆಚ್ಚು ಬದಲಾಗಿರಲಿಲ್ಲ. ಕಟ್ಟೆಗೆ ಎಲ್ಲವೂ ತಿಳಿದಿತ್ತು. ಕಟ್ಟೆ ಏನನ್ನೂ ಮಾಡಲಿಲ್ಲ. ಆದುದರಿಂದಲೇ ಈ ಕಾದಂಬರಿಯ ಪ್ರಣಯವನ್ನು ಬರಿಯ ಒಗ್ಗರಣೆಯೆಂದು ತಳ್ಳಿಹಾಕುವಂತಿಲ್ಲ. ಆ ಮದುವೆಯೇ ಇಲ್ಲಿನ ತೀರ್ಪು. ಪುಸ್ತಕ 1903ರಲ್ಲಿಯೇ ಇಂಗ್ಲಿಷಿಗೆ ಅನುವಾದಗೊಂಡಿತು.

ಹಾಸ್ಯದ ಮಾತು ಬಂದಾಗ ಬಂಟ್ವಾಳದಲ್ಲಿ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರನ್ನು ಮರೆಯಲಾದೀತೇ? ಮಕ್ಕಳ ಕವಿಯೆಂದೇ ನೀವು ಅವರನ್ನು ಬಲ್ಲಿರಿ. ಆದರೆ 1900ರ ಸುಮಾರಿಗೆ ಮಂಗಳೂರಿನ ‘ಸುವಾಸಿನಿ’ ಪತ್ರಿಕೆಯಲ್ಲಿ ತಿಳಿಹಾಸ್ಯದ ಕಥೆಗಳನ್ನು ಬರೆದು ಕನ್ನಡ ಸಣ್ಣಕಥೆಗೆ ಅಡಿಪಾಯ ಹಾಕಿದವರಲ್ಲಿ ಅವರೂ ಒಬ್ಬರು. ಅವರ ಕಥೆಯೊಂದರ ಹೆಸರು ‘ಕಮಲಾಪುರದ ಹೋಟ್ಲಿನಲ್ಲಿ’. ಮತ್ತೆ ಅದೇ ಕಮಲಾಪುರ! ‘ಹರಟೆಮಲ್ಲ’ ಎಂಬ ಕಾವ್ಯನಾಮವನ್ನೂ ಇಟ್ಟುಕೊಂಡಿದ್ದ ಈ ಉಪಾಧ್ಯಾಯರಿಗೆ ಊರ ಹರಟೆಯ ಬೆಲೆ ಚೆನ್ನಾಗಿ ತಿಳಿದಿತ್ತು.

ನಿಜವಾದ ಪತ್ತೇದಾರ ನಮ್ಮ ಮನೆಗಳಿಗೆ ಬಂದದ್ದು ಘಟ್ಟದ ಮೇಲಿನಿಂದ. ಪುಂಜಾಲಕಟ್ಟೆಯನ್ನು ಹಾದುಹೋಗುವ ರಸ್ತೆ ಚಾರ್ಮಾಡಿ ಘಾಟಿಯನ್ನೇರಿ ಚಿಕ್ಕಮಗಳೂರು ಸೀಮೆಯನ್ನು ಸೇರುತ್ತದೆಯಷ್ಟೆ? ಆ ಚಿಕ್ಕಮಗಳೂರಿನಲ್ಲಿ 1925ರಲ್ಲಿ ಹುಟ್ಟಿದವರು ಎನ್. ನರಸಿಂಹಯ್ಯನವರು. ಓದಿದ್ದು ನಾಲ್ಕನೆಯ ತರಗತಿ. ಬರೆದದ್ದು 500ಕ್ಕೂ ಮಿಕ್ಕಿದ ಕಾದಂಬರಿಗಳು. 1950ರ ದಶಕದ ಆರಂಭದಲ್ಲಿ ಅವರು ಸೃಷ್ಟಿಸಿದ ಪತ್ತೇದಾರ ಪುರುಷೋತ್ತಮ ಮನೆಮಾತಾದನು. ಭೂಗೋಳ ಪುಸ್ತಕದ ಮರೆಯಲ್ಲಿ ಅವನ ಸಾಹಸಗಳನ್ನು ಓದುತ್ತಿದ್ದ ಹಿಂದಿನ ಬೆಂಚಿನವರು ಯಾರೆಂದು ನನಗೆ ಚೆನ್ನಾಗಿ ನೆನಪಿದೆ. ಈಗ ಮೊಮ್ಮಕ್ಕಳಿರುವ ಅವರ ಹೆಸರನ್ನು ಇಲ್ಲಿ ಬರೆಯಲಾರೆ.

ವಿದ್ವಾಂಸರು ಈ ಪುಸ್ತಕಗಳನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಲು ಹಿಂಜರಿದರು. ಆದರೆ ಅಕ್ಷರ ಕಲಿತೂ ಪುಸ್ತಕ ಮುಟ್ಟದವರ ಕೈಗೆ ಪುಸ್ತಕ ಕೊಟ್ಟವರು ನರಸಿಂಹಯ್ಯನವರು. ಮುಂದೇನಾಯಿತೆಂಬ ಕುತೂಹಲವೇ ಓದಿನ ಮೊದಲ ಮೆಟ್ಟಲು. ಆ ಮೆಟ್ಟಲನ್ನು ಹತ್ತದೆ ಅಟ್ಟವನ್ನು ಸೇರಿದವರು ಎಷ್ಟು ಮಂದಿ? 2011ರಲ್ಲಿ ಅವರು ತೀರಿಕೊಂಡರು.

ಆದುದರಿಂದ ಶಿಷ್ಯನಿಗೆ ನನ್ನ ಉತ್ತರವಿಷ್ಟೆ: ಪುಟ್ಟ ಪೇಟೆಯಲ್ಲಿ ರಹಸ್ಯವನ್ನು ಹುಡುಕುವವನಿಗೆ ಕೆಲಸವಿಲ್ಲ, ಹೇಳುವವನಿಗೆ ಬೇಕಾದಷ್ಟಿದೆ. ನಿಮ್ಮ ಮನೆಯ ಅಟ್ಟದಲ್ಲಿ ಹೊದಿಕೆ ಹರಿದ ಹಳೆಯ ಪತ್ತೇದಾರಿ ಪುಸ್ತಕವಿದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಧೂಳು ಕೊಡವಿ, ಒಮ್ಮೆ ಓದಿ. ‘ಇಂದಿರಾಬಾಯಿ’ಯನ್ನೂ ಓದಿ. ಓದಿದ ಮೇಲೆ ಕಟ್ಟೆಯ ಮೇಲೆ ಕುಳಿತು ಹರಟೋಣ.