ಗಣರಾಜ್ಯದ ಬಾಲ್ಯವನ್ನು ಹರೆಯದವರಿಗೆ ತಿಳಿಸುವ ಬಗೆ

ಶತಮಾನೋತ್ಸವವೆಂಬುದು ಹಿಂದಿರುಗಿ ನೋಡುವ ಪರ್ವಕಾಲ. ನೂರು ವರುಷಗಳನ್ನು ಕಂಡ ಧರ್ಮಕೇಂದ್ರದ ಬಾಳು ಪರಾಧೀನ ಭಾರತದಲ್ಲಿ ಆರಂಭವಾಗಿ ಸ್ವತಂತ್ರ ಭಾರತದಲ್ಲಿ ಮುಂದುವರಿದುದು. ದೊರೆಗಳ ಆಳಿಕೆಯಲ್ಲಿ ಹುಟ್ಟಿದ ನಮ್ಮ ಹಿರಿಯರು ತಮ್ಮ ಜೀವಮಾನದಲ್ಲಿಯೇ ಒಂದು ಗಣರಾಜ್ಯದ ಪೌರರಾದರು. ಈ ಮಾರ್ಪಾಡು ಹೇಗಾಯಿತೆಂಬುದನ್ನು ನಮ್ಮ ಹರೆಯದ ಮಕ್ಕಳು ಬಲ್ಲರೆ?

ಅವರ ಮನಸ್ಸಿನಲ್ಲಿ ಚರಿತ್ರೆಯು ಬಹುಮಟ್ಟಿಗೆ 1947ರ ಆಗಸ್ಟ್ 15ಕ್ಕೆ ನಿಂತುಬಿಡುತ್ತದೆ. ಆಮೇಲಿನದೆಲ್ಲ ಪೌರನೀತಿಯ ಪಾಠ. ಲೋಕಸಭೆಯ ಸದಸ್ಯರೆಷ್ಟು, ರಾಷ್ಟ್ರಪತಿಯ ಅಧಿಕಾರಗಳಾವುವು ಎಂಬ ಪ್ರಶ್ನೋತ್ತರ. ಸ್ವಾತಂತ್ರ್ಯದ ನಂತರದ ಎರಡು ಮೂರು ದಶಕಗಳು ಎರಡು ಪಾಠಗಳ ನಡುವಣ ಬೀಳು ಭೂಮಿಯಂತೆ ಉಳಿದುಹೋಗಿವೆ. ಮೊದಲ ಮಹಾಚುನಾವಣೆಯಲ್ಲಿ ಮತ ನೀಡಲು 21 ವರ್ಷ ತುಂಬಿರಬೇಕಾಗಿತ್ತು. ಅಂದು ಮತ ಹಾಕಿದವರಲ್ಲಿ ಅತಿ ಕಿರಿಯರಿಗೂ ಇಂದು ತೊಂಬತ್ತು ದಾಟಿದೆ. ಆ ಕಾಲವನ್ನು ಕಂಡವರ ಬಾಯಿಂದಲೇ ಕೇಳುವ ಅವಕಾಶ ಮುಗಿಯುತ್ತ ಬಂದಿದೆಯೆಂಬುದನ್ನು ನಾವು ಮರೆಯಲಾಗದು.

ಈ ಚರಿತ್ರೆಯನ್ನು ಕಲಿಸುವಾಗ ಮುಖ್ಯವಾಗಿ ಮನಗಾಣಿಸಬೇಕಾದುದು ಒಂದು ಸಂಗತಿ: ಅಂದು ಯಾವುದೂ ನಿಶ್ಚಿತವಾಗಿರಲಿಲ್ಲ. ದೇಶವಿಭಜನೆಯಿಂದ ಒಂದು ಕೋಟಿಗೂ ಮಿಕ್ಕಿದ ಜನರು ನೆಲೆ ಕಳೆದುಕೊಂಡಿದ್ದರು. ಐನೂರಕ್ಕೂ ಹೆಚ್ಚು ಸಂಸ್ಥಾನಗಳನ್ನು ಒಂದು ದೇಶವಾಗಿ ಬೆಸೆಯಬೇಕಾಗಿತ್ತು. 1951ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 36 ಕೋಟಿ. ಅಕ್ಷರಸ್ಥರು ನೂರಕ್ಕೆ 18 ಮಂದಿ ಮಾತ್ರ. ಇಷ್ಟನ್ನು ಹೇಳಿ, ಉತ್ತರವನ್ನು ಹೇಳುವುದಕ್ಕೆ ಮೊದಲೇ ಮಕ್ಕಳನ್ನು ಕೇಳಬೇಕು: ಇಂತಹ ದೇಶದಲ್ಲಿ ಓದು ಬಾರದವರಿಗೂ ಆಸ್ತಿಯಿಲ್ಲದವರಿಗೂ ಮತಾಧಿಕಾರ ಕೊಡುತ್ತಿದ್ದಿರಾ? ಅವರು ಚರ್ಚಿಸಿದ ಬಳಿಕ, 1949ರ ನವೆಂಬರ್ 26ರಂದು ಅಂಗೀಕೃತವಾಗಿ 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ಎಲ್ಲ ವಯಸ್ಕರಿಗೂ ಆ ಅಧಿಕಾರವನ್ನು ಕೊಟ್ಟಿತೆಂದು ತಿಳಿಸಿದರೆ, ಆ ನಿರ್ಣಯದ ಧೈರ್ಯ ಅವರಿಗೆ ತಾನಾಗಿ ಅರಿವಾಗುವುದು.

1951ರ ಅಕ್ಟೋಬರಿನಿಂದ 1952ರ ಫೆಬ್ರುವರಿಯವರೆಗೆ ನಡೆದ ಆ ಚುನಾವಣೆಯಲ್ಲಿ ಮತದಾರರು 17 ಕೋಟಿಗೂ ಅಧಿಕ. ಓದಲಾರದವರಿಗಾಗಿ ಪ್ರತಿ ಅಭ್ಯರ್ಥಿಗೂ ಚಿಹ್ನೆಯಿದ್ದ ಪ್ರತ್ಯೇಕ ಮತಪೆಟ್ಟಿಗೆಯನ್ನಿರಿಸಲಾಗಿತ್ತು. ಮತದಾರರ ಪಟ್ಟಿ ಸಿದ್ಧಪಡಿಸುವಾಗ ಅನೇಕ ಸ್ತ್ರೀಯರು ತಮ್ಮ ಹೆಸರು ಹೇಳಲೊಪ್ಪದೆ, ಇಂಥವರ ಪತ್ನಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ಇದು ಅವರಿಗೆ ಮಾಡಿದ ಅನ್ಯಾಯವೋ, ಅಥವಾ ಸ್ತ್ರೀಗೆ ಅವಳದೇ ಹೆಸರಿರಬೇಕೆಂಬ ಕಠಿಣ ಪಾಠವೋ? ಹದಿನೈದರ ಹುಡುಗಿಯರು ಇದನ್ನು ವಾದಿಸತೊಡಗಿದರೆ ಗಣರಾಜ್ಯವೆಂಬುದು ಅವರಿಗೆ ಒಣಶಬ್ದವಾಗಿ ಉಳಿಯದು. ನಮ್ಮ ನಾಡಿಗೆ ಸಂಬಂಧಿಸಿದ ಮಾತನ್ನೂ ಸೇರಿಸಬಹುದು: ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರ ಚುನಾವಣೆಯಿಂದ ಮೈಸೂರಿನ ಕಾರ್ಖಾನೆಯಿಂದ ಬರತೊಡಗಿತು. ಅದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆ.

ಎರಡನೆಯ ಪಾಠ ಭೂಪಟದ್ದು. 1947ರಲ್ಲಿ ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತಕ್ಕೆ, ದಕ್ಷಿಣ ಕನ್ನಡ, ಬಳ್ಳಾರಿಗಳು ಮದರಾಸಿಗೆ, ಬೀದರ, ಕಲಬುರ್ಗಿ, ರಾಯಚೂರುಗಳು ನಿಜಾಮನ ಹೈದರಾಬಾದಿಗೆ ಸೇರಿದ್ದವು. ಮೈಸೂರು ಸಂಸ್ಥಾನವಾಗಿತ್ತು, ಕೊಡಗು ಪ್ರತ್ಯೇಕವಾಗಿತ್ತು. ಮೈಸೂರು ಒಕ್ಕೂಟಕ್ಕೆ ಸೇರಿದ ಮೇಲೂ ಜವಾಬ್ದಾರಿ ಸರ್ಕಾರಕ್ಕಾಗಿ ಜನರು ‘ಮೈಸೂರು ಚಲೋ’ ಚಳುವಳಿ ಹೂಡಬೇಕಾಯಿತು; ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದುದು 1947ರ ಅಕ್ಟೋಬರಿನಲ್ಲಿ. ಹೈದರಾಬಾದು ಭಾರತಕ್ಕೆ ಸೇರಿದುದು 1948ರ ಸೆಪ್ಟೆಂಬರಿನಲ್ಲಿ. ಅಂದರೆ ಕಲಬುರ್ಗಿಯ ಹುಡುಗನಿಗೆ ಸ್ವಾತಂತ್ರ್ಯ 13 ತಿಂಗಳು ತಡವಾಗಿ ಬಂದಿತು. ಆಂಧ್ರ ರಾಜ್ಯಕ್ಕಾಗಿ ಉಪವಾಸ ಕುಳಿತ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರಿನಲ್ಲಿ ಮಡಿದರು. ಮರುವರ್ಷ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಆದರೆ ಕಾಸರಗೋಡು ಕೇರಳಕ್ಕೆ ಹೋಯಿತು. ಗೆಲವಿನೊಡನೆ ಈ ನೋವನ್ನೂ ಹೇಳಬೇಕು.

ಮೂರನೆಯದಾಗಿ, ಕ್ರೈಸ್ತ ಮಕ್ಕಳು ತಿಳಿಯಲೇಬೇಕಾದ ಅಧ್ಯಾಯವೊಂದಿದೆ. ಸಂವಿಧಾನ ರಚನಾ ಸಭೆಯ ಉಪಾಧ್ಯಕ್ಷರಾಗಿದ್ದ ಹರೇಂದ್ರ ಕುಮಾರ ಮುಖರ್ಜಿಯವರು ಬಂಗಾಳದ ಕ್ರೈಸ್ತರು. ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ವಂದನೀಯ ಜೆರೋಮ್ ಡಿಸೋಜರು ಆ ಸಭೆಯ ಸದಸ್ಯರು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಸ್ಥಾನಗಳನ್ನು ಕಾದಿರಿಸಬೇಕೆಂದು 1947ರಲ್ಲಿ ಆಗಿದ್ದ ನಿರ್ಣಯವನ್ನು 1949ರ ಮೇ ತಿಂಗಳಲ್ಲಿ ಕೈಬಿಡಲಾಯಿತು. ಇವರಿಬ್ಬರೂ ಅದನ್ನು ಬೆಂಬಲಿಸಿದರು. ಧರ್ಮವನ್ನು ಅವಲಂಬಿಸುವ, ಆಚರಿಸುವ ಹಕ್ಕಿನೊಂದಿಗೆ ‘ಪ್ರಚಾರ ಮಾಡುವ’ ಹಕ್ಕೂ ಇರಬೇಕೆ ಎಂದು 1948ರ ಡಿಸೆಂಬರಿನಲ್ಲಿ ಬಿಸಿಯಾದ ವಾದ ನಡೆದಾಗ ಆ ಮಾತಿನ ಪರ ನಿಂತವರಲ್ಲಿ ಕೆ. ಎಂ. ಮುನ್ಷಿ, ಟಿ. ಟಿ. ಕೃಷ್ಣಮಾಚಾರಿಯವರಂತಹ ಹಿಂದೂ ಸದಸ್ಯರಿದ್ದರು. ಹಾಗೆ ಉಳಿದ 25ನೆಯ ವಿಧಿಯಾಗಲಿ, ಅಲ್ಪಸಂಖ್ಯಾತರ ವಿದ್ಯಾಸಂಸ್ಥೆಗಳನ್ನು ಕುರಿತ 30ನೆಯ ವಿಧಿಯಾಗಲಿ ಯಾರೋ ನೀಡಿದ ಭಿಕ್ಷೆಯಲ್ಲ, ಆಕಾಶದಿಂದ ಉದುರಿದುದೂ ಅಲ್ಲ. ಪರಸ್ಪರ ವಿಶ್ವಾಸವಿಟ್ಟವರು ವಾದಿಸಿ ಪಡೆದ ಒಪ್ಪಂದಗಳವು. ವಿಶ್ವಾಸದಿಂದ ಹುಟ್ಟಿದುದನ್ನು ವಿಶ್ವಾಸದಿಂದಲೇ ಉಳಿಸಿಕೊಳ್ಳಬೇಕಾಗುತ್ತದೆ.

ಇಷ್ಟರಲ್ಲಿಯೇ ನಿಲ್ಲಿಸಿದರೆ ಚರಿತ್ರೆ ಹೊಗಳಿಕೆಯಾದೀತು. ಹರೆಯದವರು ಅರ್ಧಸತ್ಯವನ್ನು ಬೇಗ ಗುರುತಿಸುತ್ತಾರೆ. ಅಸ್ಪೃಶ್ಯತೆಯನ್ನು ನಿಷೇಧಿಸಿದ ಗಣರಾಜ್ಯವು 1950ರ ಆದೇಶದಲ್ಲಿ ಪರಿಶಿಷ್ಟ ಜಾತಿಯ ಸೌಲಭ್ಯಗಳನ್ನು ಹಿಂದೂಗಳಿಗೆ ಮಾತ್ರ ಮೀಸಲಿರಿಸಿತು. ಅವು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿದವು. ಕ್ರೈಸ್ತರಾದ ದಲಿತರನ್ನು ಹೊರಗಿರಿಸಲಾಯಿತು. ಇದನ್ನು ಹೇಳುವಾಗ, ನಮ್ಮ ಪಂಕ್ತಿಗಳಲ್ಲಿಯೇ ಅವರನ್ನು ಹೇಗೆ ಕಂಡೆವೆಂಬ ಪ್ರಶ್ನೆಯನ್ನೂ ಮಕ್ಕಳು ಕೇಳಿಯಾರು, ಕೇಳಲಿ. ಕೇರಳದಲ್ಲಿ 1957ರಲ್ಲಿ ಚುನಾಯಿತವಾದ ಕಮ್ಯುನಿಸ್ಟ್ ಸರ್ಕಾರವು ಖಾಸಗಿ ಶಾಲೆಗಳನ್ನು ನಿಯಂತ್ರಿಸುವ ಶಿಕ್ಷಣ ಮಸೂದೆಯನ್ನು ತಂದಾಗ ಕ್ರೈಸ್ತಸಭೆಯೂ ನಾಯರ್ ಸಮಾಜವೂ ಚಳುವಳಿಗಿಳಿದವು. 1959ರ ಜುಲೈ 31ರಂದು ಕೇಂದ್ರವು ಆ ಸರ್ಕಾರವನ್ನು ವಜಾ ಮಾಡಿತು. ಶಾಲೆಗಳ ಹಕ್ಕನ್ನು ಕಾಯುವುದು ನ್ಯಾಯವಾದರೂ, ಬಹುಮತವಿದ್ದ ಸರ್ಕಾರವನ್ನು ಕೆಡವಿದುದು ಸರಿಯೆ? ನಮ್ಮವರು ಒಂದು ಪಕ್ಷವಾಗಿದ್ದ ವಿವಾದದಲ್ಲಿಯೂ ಎರಡು ಕಡೆಯ ಮಾತನ್ನು ಆಲಿಸುವುದೇ ನಿಜವಾದ ಚರಿತ್ರಾಭ್ಯಾಸ.

ಇದಕ್ಕೆಲ್ಲ ದೊಡ್ಡ ಗ್ರಂಥಭಂಡಾರ ಬೇಕಿಲ್ಲ. ಮನೆಯ ಪೆಟ್ಟಿಗೆಯೇ ಸಾಕು. ಅಜ್ಜನ ಶಾಲಾ ಪ್ರಮಾಣಪತ್ರದ ಮೇಲೆ ಕರ್ನಾಟಕವೆಂದಿಲ್ಲದೆ ಮೈಸೂರು ರಾಜ್ಯವೆಂದಿದ್ದರೆ, ಆ ಹೆಸರು ಬದಲಾದುದು 1973ರ ನವೆಂಬರ್ 1ರಂದು ಎಂಬುದಕ್ಕೆ ಅದೇ ಸಾಕ್ಷಿ. ನಾಣ್ಯಗಳ ಡಬ್ಬಿಯಲ್ಲಿ ಆಣೆಯೂ ನಯಾ ಪೈಸೆಯೂ ಒಟ್ಟಿಗಿದ್ದರೆ, ರೂಪಾಯಿಗೆ 16 ಆಣೆಯ ಲೆಕ್ಕ ಹೋಗಿ 1957ರ ಏಪ್ರಿಲಿನಲ್ಲಿ 100 ಪೈಸೆಯ ಲೆಕ್ಕ ಬಂದಾಗ ಸಂತೆಯಲ್ಲಿ ಎಷ್ಟು ಗೊಂದಲವಾಗಿರಬಹುದೆಂದು ಊಹಿಸಲು ಹೇಳಬಹುದು. 1965 ಮತ್ತು 1966ರ ಬರಗಾಲದಲ್ಲಿ ಅಮೆರಿಕದ ಗೋಧಿಗಾಗಿ ದೇಶ ಕಾದ ದಿನಗಳನ್ನು ಅಜ್ಜಿಯಂದಿರಿಂದ ಕೇಳಿ ಬರೆದುಕೊಂಡು ಬರಲಿ. ಗೇಣಿಯ ಕಾಗದವಿದ್ದರೆ 1961ರ ಭೂಸುಧಾರಣಾ ಕಾಯಿದೆಯನ್ನೂ 1974ರ ತಿದ್ದುಪಡಿಯನ್ನೂ ತಿಳಿಸಬೇಕು. ಆ ತಿದ್ದುಪಡಿಯಿಂದ ನೆಲ ಪಡೆದ ಒಕ್ಕಲಿನ ಮೊಮ್ಮಗನೂ ನೆಲ ಕಳೆದುಕೊಂಡ ಧಣಿಯ ಮೊಮ್ಮಗಳೂ ಇಂದು ಒಂದೇ ಬೆಂಚಿನಲ್ಲಿ ಕುಳಿತಿರಬಹುದು. ಇಬ್ಬರ ಮನೆಯ ಕಥೆಗೂ ಅಲ್ಲಿ ಎಡೆಯಿರಬೇಕು.

ಗಣರಾಜ್ಯವನ್ನು ಕಟ್ಟಿದವರು ದೇವಮಾನವರಲ್ಲ. ಆತುರ, ಅಂಜಿಕೆ, ಆಸೆಗಳಿದ್ದ ಮನುಷ್ಯರು. ಅವರು ತೀರ್ಮಾನಿಸಿದುದರಲ್ಲಿ ಕೆಲವು ನಿಂತವು, ಕೆಲವು ಮುರಿದವು, ಕೆಲವು ಇನ್ನೂ ತೀರ್ಮಾನವಾಗದೆ ಉಳಿದಿವೆ. ಇದನ್ನರಿತ ಹರೆಯದವರು ಹದಿನೆಂಟು ತುಂಬಿ ಮತಗಟ್ಟೆಗೆ ಹೋದ ದಿನ, ಬೆರಳಿಗಿಡುವ ಆ ಶಾಯಿಯ ಗುರುತು ಕೇವಲ ಒಂದು ಕಲೆಯಲ್ಲವೆಂದು ಬಲ್ಲವರಾಗಿರುವರು. ಅಷ್ಟನ್ನು ಅವರಿಗೆ ತಿಳಿಸಿಹೋಗುವುದು, ಆ ಕಾಲದ ಫಲವನ್ನುಂಡ ನಮ್ಮ ಮೇಲಿರುವ ಋಣ.